ಐದೂವರೆಯ ಟ್ರಂಕ್ ಕಾಲ್

ನಮ್ಮ ಬೀದಿಯವರು ಮೊಬೈಲಿನಲ್ಲಿ ಅಲಾರಂ ಇಡಲು ಶುರುಮಾಡಿದ್ದು ಕಳೆದ ತಿಂಗಳಿಂದ. ಅದಕ್ಕೆ ಮುಂಚೆ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಸರಿಯಾಗಿ ನಮ್ಮ ಕಾಂಪೌಂಡ್ ಗೋಡೆಯ ಆಚೆಯಿಂದ ಒಂದು ಹೆಣ್ಣು ದನಿ ‘ಕರ್ತನೇ’ ಎಂದು ಶುರುಮಾಡಿತೆಂದರೆ, ಹಾಲಿನವನು ಕೊಟ್ಟಿಗೆಯಲ್ಲಿ ಬಕೆಟ್ ಎತ್ತಿಕೊಳ್ಳುತ್ತಿದ್ದ, ಪರೀಕ್ಷೆ ಇದ್ದ ಮಕ್ಕಳು ಗೊಣಗುತ್ತ ಏಳುತ್ತಿದ್ದರು, ನಾನು ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡು ಇನ್ನೊಂದಿಷ್ಟು ನಿದ್ದೆ ಸಿಗುತ್ತದೇನೋ ಎಂದು ನೋಡುತ್ತಿದ್ದೆ. ಸಿಗುತ್ತಿರಲಿಲ್ಲ. ಆ ಪ್ರಾರ್ಥನೆಯಲ್ಲಿ ನನ್ನ ಹೆಸರೂ ಬರುತ್ತಿತ್ತು, ಅದೂ ವಿಳಾಸ ಸಮೇತ. ದೇವರ ಮುಂದೆ ಹೆಸರು ಕೂಗಿಸಿಕೊಂಡ ಮೇಲೂ ಮಲಗಿರುವಷ್ಟು ಗಟ್ಟಿ ಮನುಷ್ಯ ನಾನಲ್ಲ.

ಬೀದಿಗೆಲ್ಲ ಅವರು ಎಕ್ಸ್‌ಚೇಂಜ್ ಆಂಟಿ. ಟೆಲಿಫೋನ್ ಇಲಾಖೆಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಈಗಿನ ಹುಡುಗರಿಗೆ ಇದು ಗೊತ್ತಿರಲಾರದು. ಒಂದು ಕಾಲಕ್ಕೆ ಪರಊರಿಗೆ ಫೋನ್ ಮಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಅಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹೆಂಗಸರು ಸಾಲಾಗಿ ಕೂತು, ಈ ಊರಿನ ತಂತಿಯನ್ನು ಆ ಊರಿನ ತಂತಿಗೆ ಜೋಡಿಸಿ, ‘ಲೈನ್ ಸಿಕ್ಕಿದೆ, ಮಾತಾಡಿ’ ಎನ್ನುತ್ತಿದ್ದರು. ಮೂರು ನಿಮಿಷ ಆದೊಡನೆ ನಡುವೆ ಬಂದು, ‘ಮೂರು ನಿಮಿಷ ಆಯ್ತು, ಎಕ್ಸ್‌ಟೆಂಡ್ ಮಾಡ್ಬೇಕಾ?’ ಎಂದು ಕೇಳುತ್ತಿದ್ದರು. ಬೇಡವೆಂದರೆ ಕಟ್. ಆಂಟಿ ಜೀವಮಾನವೆಲ್ಲ ಈ ಕೆಲಸ ಮಾಡಿದವರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಡ್ಯೂಟಿಯಲ್ಲಿರುವ ಆಪರೇಟರ್ ತನ್ನ ಹೆಸರು ಹೇಳುವ ಹಾಗಿಲ್ಲ ಎಂದು ಅವರೇ ಹೇಳುತ್ತಿದ್ದರು, ಮತ್ತು ನನಗೆ ತಿಳಿದ ಮಟ್ಟಿಗೆ ಅವರು ಕೊನೆಯವರೆಗೂ ಡ್ಯೂಟಿಯಲ್ಲೇ ಇದ್ದರು.

ಅವರ ಮನೆ ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ನಾವು ಇಲ್ಲಿಯ ಹಳಬರು. ಸುತ್ತಲಿನ ಹೊಲವೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೂ ಹಳೇ ಮನೆ ಕೆಡವದೆ ಉಳಿದುಕೊಂಡವರು. ಅವರು ಚಿಕ್ಕಬಳ್ಳಾಪುರದ ಕಡೆಯ ಕ್ರೈಸ್ತ ಕುಟುಂಬದವರು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಗಂಡನ ಜೊತೆ ಇಲ್ಲಿ ಬಂದು ಮನೆ ಕಟ್ಟಿಸಿದವರು. ಮಕ್ಕಳಿರಲಿಲ್ಲ. ನಮ್ಮಮ್ಮ ಗಂಗಮ್ಮನಿಗೂ ಆಂಟಿಗೂ ನಡುವೆ ಎದೆಯೆತ್ತರದ ಗೋಡೆಯೊಂದೇ ಅಡ್ಡ. ಆ ಗೋಡೆಯ ಮೇಲೆ ಸೊಪ್ಪು, ಸಾರು, ಹಬ್ಬದ ಒಬ್ಬಟ್ಟು, ಕ್ರಿಸ್‌ಮಸ್ಸಿನ ಕಲ್‌ಕಲ್ಸ್ ಎಲ್ಲವೂ ಆಚೀಚೆ ಓಡಾಡಿವೆ.

ಅವರ ಪ್ರಾರ್ಥನೆ ನಾನು ಬೇರೆಲ್ಲೂ ಕೇಳದ ಥರದ್ದು. ಹೊಗಳಿಕೆ ಕಮ್ಮಿ, ವಿವರ ಜಾಸ್ತಿ. ‘ಕರ್ತನೇ, ಸ್ತೋತ್ರ. ಕೊಡಿಗೇಹಳ್ಳಿ, ನೀರಿನ ಟ್ಯಾಂಕ್ ಹಿಂದಿನ ಬೀದಿ, ಮೂಲೆಮನೆ ಗಂಗಮ್ಮ. ಎಡಗಡೆ ಮೊಣಕಾಲು. ಬಲಗಡೆದು ವಾಸಿಯಾಗಿದೆ, ಅದಕ್ಕೆ ವಂದನೆ’ ಎಂದು ಸಾಗುತ್ತಿತ್ತು. ಊರು, ಬೀದಿ, ಹೆಸರು, ವಿಷಯ. ಒಂದೊಂದು ಮನೆಗೆ ಒಂದೊಂದು ಮಾತು. ಬೀದಿ ಪೂರ್ತಿ ಮುಗಿಯಲು ಮೂರು ನಿಮಿಷ, ಅದಕ್ಕಿಂತ ಒಂದು ಉಸಿರು ಹೆಚ್ಚಿಲ್ಲ. ದನಿ ಮಾತ್ರ ಗುಲ್ಬರ್ಗಕ್ಕೆ ಕೇಳಿಸುವಷ್ಟು. ಕರಕರ ಎನ್ನುವ ಲೈನುಗಳ ಮೇಲೆ ಕೂಗಿ ಕೂಗಿ ಬಂದ ಅಭ್ಯಾಸ ಅದು.

ಒಮ್ಮೆ ನಾನು ಕೆಣಕಿದೆ. “ಆಂಟಿ, ದೇವರು ಹತ್ರಾನೇ ಇದಾನೆ ಅಂತೀರಾ. ಮತ್ತ್ಯಾಕೆ ಇಷ್ಟು ಜೋರಾಗಿ ಕೂಗ್ತೀರಾ?”

“ಅವನು ಹತ್ರಾನೇ ಇದಾನೆ ಕಣಪ್ಪ. ನೀನು ದೂರ ಇದೀಯಲ್ಲ, ನಿಂಗೂ ಕೇಳಿಸ್ಲಿ ಅಂತ” ಎಂದರು.

ತಣಿಸಂದ್ರದಲ್ಲಿ ನಾನು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಾಗ ಪೂಜೆಗೆ ಪುರೋಹಿತರನ್ನು ಕರೆಸಿದ್ದೆವು. ಅಮ್ಮನ ಹಟ, ಆಂಟಿಯೂ ಪ್ರಾರ್ಥನೆ ಮಾಡಲೇಬೇಕೆಂದು. ಪುರೋಹಿತರು ಮಂತ್ರ ಹೇಳುತ್ತಲೇ ಇದ್ದರು, ಬಿಸಿಲು ಏರುತ್ತಲೇ ಇತ್ತು. ಆಂಟಿ ಸ್ವಿಚ್ಚುಗಳ ಡಬ್ಬದ ಮೇಲೆ ಕೈಕಟ್ಟಿಕೊಂಡು ಕೂತಿದ್ದರು. ತಡವಾಯಿತೆಂದು ನಾನು ಮುಜುಗರಪಟ್ಟರೆ, “ಅವರದು ಮುಗೀಲಿ. ಲೈನ್ ಬ್ಯುಸಿ ಇದ್ರೆ ಕಾಯೋದು ನಂಗೆ ಅಭ್ಯಾಸ” ಎಂದರು. ಪುರೋಹಿತರೂ ನಕ್ಕುಬಿಟ್ಟರು. ಆಮೇಲೆ ಆಂಟಿ ಎದ್ದುನಿಂತು ಕಣ್ಣುಮುಚ್ಚಿ, ‘ಕರ್ತನೇ, ತಣಿಸಂದ್ರ, ಮೇನ್ ರೋಡು, ಹೊಸ ಅಂಗಡಿ. ಹುಡುಗ ಒಳ್ಳೆಯವನು, ಏಳೋದು ಲೇಟು’ ಎಂದು ಶುರುಮಾಡಿದರು. ಬಂದ ಗಿರಾಕಿಗಳ ಮುಂದೆ ನನ್ನ ಮಾನ ಹೋಯಿತು.

ಬೀದಿಯವರು ತಮ್ಮ ಕಷ್ಟಗಳನ್ನು ಗೋಡೆಯ ಬಳಿ ತಂದು ಹೇಳುತ್ತಿದ್ದರು. ಆಂಟಿ ಮೊದಲು ಕೇಳುತ್ತಿದ್ದ ಪ್ರಶ್ನೆ, “ಆರ್ಡಿನರೀನಾ, ಅರ್ಜೆಂಟಾ?” ಮಗಳಿಗೆ ಗಂಡು ಸಿಗುವುದು, ಬಾಡಿಗೆದಾರ ಮನೆ ಖಾಲಿ ಮಾಡುವುದು ಇವೆಲ್ಲ ಆರ್ಡಿನರಿ, ಸರದಿಯಲ್ಲಿ ಬರುತ್ತಿದ್ದವು. ಜ್ವರ, ಆಪರೇಷನ್ನು ಅರ್ಜೆಂಟ್. ಹೆರಿಗೆ ನೋವು ಶುರುವಾಗಿದೆ ಎಂದರೆ ಅದು ಲೈಟ್ನಿಂಗ್ ಕಾಲ್, ಐದೂವರೆಗೆ ಕಾಯುವ ಹಾಗೇ ಇಲ್ಲ, ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಕಣ್ಣುಮುಚ್ಚುವರು. ನನ್ನ ಹೆಂಡತಿಯ ಹೆರಿಗೆಯ ದಿನವೂ ಹಾಗೇ ನಿಂತು ಕೂಗಿದ್ದರು. ಹಾಗೆಂದು ಬರೀ ಪ್ರಾರ್ಥನೆ ಮಾಡಿ ಕೈತೊಳೆದುಕೊಳ್ಳುವವರಲ್ಲ. ‘ಆಮೆನ್’ ಎಂದ ಮೇಲೆ ಎದ್ದು ಚಪ್ಪಲಿ ಮೆಟ್ಟಬೇಕು ಎನ್ನುವುದು ಅವರ ಮಾತು. ಬೆಳಿಗ್ಗೆ ಯಾರ ಜ್ವರಕ್ಕೆ ಪ್ರಾರ್ಥಿಸಿದರೋ ಹತ್ತು ಗಂಟೆಗೆ ಅವರ ಮನೆಗೆ ಗಂಜಿ ಹೋಗಿರುತ್ತಿತ್ತು.

ತಪ್ಪುಗಳೂ ಆಗುತ್ತಿದ್ದವು. ನಮ್ಮ ಬೀದಿಯಲ್ಲಿ ಇಬ್ಬರು ಮುನಿಯಪ್ಪಂದಿರು. ಒಬ್ಬ ಹಸು ಕಟ್ಟಿಕೊಂಡು ಹಾಲು ಮಾರುವವನು, ಇನ್ನೊಬ್ಬ ಆಟೋ ಓಡಿಸುವವನು. ಆಟೋ ಮುನಿಯಪ್ಪನ ಹೆಂಡತಿ ಒಂದು ದಿನ ಗೋಡೆಯ ಬಳಿ ಬಂದು, ಗಂಡ ಕುಡಿತ ಬಿಡುವ ಹಾಗೆ ಪ್ರಾರ್ಥನೆ ಮಾಡಿ ಎಂದು ಅತ್ತು ಹೋದಳು. ಆ ಹೆಣ್ಣುಮಗಳು ಹೊಸದಾಗಿ ಬೀದಿಗೆ ಬಂದವಳು, ಆಂಟಿಗೆ ಗುರುತಿರಲಿಲ್ಲ. ಮುನಿಯಪ್ಪ ಎಂದರೆ ಹಾಲಿನವನೇ ಎಂದುಕೊಂಡರು. ಮಾರನೇ ದಿನದಿಂದ ಶುರು, ‘ಕರ್ತನೇ, ಕೊಡಿಗೇಹಳ್ಳಿ, ಇದೇ ಬೀದಿ, ನಮಗೆಲ್ಲ ಹಾಲು ಕೊಡುವ ಮುನಿಯಪ್ಪ. ಕುಡಿತದಿಂದ ಬಿಡಿಸು.’ ಹಾಲಿನ ಮುನಿಯಪ್ಪ ಜನ್ಮದಲ್ಲಿ ಮಜ್ಜಿಗೆಗಿಂತ ಖಾರವಾದದ್ದನ್ನು ಮುಟ್ಟಿದವನಲ್ಲ. ಜನ ಅವನ ಹಾಲನ್ನು ಮೂಸಿ ನೋಡಿ ಒಲೆಗಿಡತೊಡಗಿದರು. ಒಂದೆರಡು ವಾರ ತಡೆದುಕೊಂಡ ಆತ ಕೊನೆಗೆ ಕ್ಯಾನು ಸಮೇತ ಗೋಡೆಯ ಬಳಿ ಬಂದು ನಿಂತ.

“ಅಮ್ಮಾವ್ರೇ, ನಿಮ್ ದೇವ್ರಿಗೆ ಯಾರೋ ನನ್ ಮೇಲೆ ಇಲ್ಲದ್ದು ಏಳವ್ರೆ” ಎಂದ.

ವಿಷಯ ತಿಳಿದ ಆಂಟಿ ನಾಲಿಗೆ ಕಚ್ಚಿಕೊಂಡರು. ಮಾರನೇ ದಿನ ಐದೂವರೆಗೆ ಬೀದಿಗೆಲ್ಲ ಕೇಳಿಸುವ ಹಾಗೆ, ‘ಕರ್ತನೇ, ಹಾಲಿನ ಮುನಿಯಪ್ಪಂದು ರಾಂಗ್ ನಂಬರ್ ಆಯ್ತು, ಕ್ಷಮಿಸು. ಅವನು ಕುಡಿಯೋದಿಲ್ಲ, ಹಾಲಿಗೆ ಸ್ವಲ್ಪ ನೀರು ಹಾಕ್ತಾನೆ ಅಷ್ಟೇ’ ಎಂದು ಸರಿಪಡಿಸಿದರು. ಇತ್ತ ಆಟೋ ಮುನಿಯಪ್ಪನಿಗೆ ನಡುಕ ಹುಟ್ಟಿತ್ತು. ಕುಡಿಯದವನ ಗತಿಯೇ ಹೀಗಾದರೆ ನಾಳೆ ತನ್ನ ಹೆಸರು ಬಂದರೆ ಏನು ಕಥೆ ಎಂದು ಆತ ಸಂಜೆ ನೇರ ಮನೆಗೆ ಬರಲು ಶುರುಮಾಡಿದ. ಪ್ರಾರ್ಥನೆ ತಪ್ಪು ವಿಳಾಸಕ್ಕೆ ಹೋದರೂ ಫಲ ಸರಿಯಾದ ಮನೆಗೇ ಬಂತಲ್ಲ ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಆಂಟಿ ನಗಲಿಲ್ಲ. ಅವತ್ತಿನಿಂದ ಇಂಥ ವಿಷಯಗಳನ್ನು ಗಟ್ಟಿಯಾಗಿ ಹೇಳುವುದು ನಿಂತಿತು. ಅವು ಪಿ.ಪಿ. ಕಾಲ್ ಆದವು, ಅಂದರೆ ಹೇಳಬೇಕಾದವರಿಗಷ್ಟೇ ಹೇಳುವ ಕರೆ. ಆಗ ಆಂಟಿಯ ತುಟಿ ಮಾತ್ರ ಅಲ್ಲಾಡುತ್ತಿತ್ತು, ಬೀದಿಯವರೆಲ್ಲ ಕಿವಿ ನಿಮಿರಿಸಿಕೊಂಡು ನಿರಾಶರಾಗುತ್ತಿದ್ದರು.

ಇಷ್ಟೆಲ್ಲ ಊರವರ ಕಷ್ಟ ಹೊತ್ತವರ ಮನೆಯೊಳಗೇ ಕಷ್ಟವಿತ್ತು. ಅವರ ಯಜಮಾನರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಅವರಿಗೂ ದಿನಾ ಒಂದು ಮಾತು, ಊರು ಬೀದಿ ಹೆಸರಿನ ಸಮೇತ, ಉಳಿದವರ ಸಾಲಿನಲ್ಲೇ. ತಮ್ಮ ಗಂಡನೆಂದು ಒಂದು ಶಬ್ದ ಹೆಚ್ಚಿಗೆ ಸೇರಿಸಿದವರಲ್ಲ. ಯಜಮಾನರು ತೀರಿಕೊಂಡು ಮಣ್ಣಾದ ಮಾರನೇ ದಿನ ನಾನು ಐದೂವರೆಗೂ ಮುಂಚೆಯೇ ಎಚ್ಚರವಾಗಿ ಕೂತಿದ್ದೆ. ಅಮ್ಮನೂ ಎದ್ದಿದ್ದಳು. ಇವತ್ತು ದನಿ ಬರುವುದಿಲ್ಲ ಎಂದುಕೊಂಡಿದ್ದೆವು. ಬಂತು. ಸ್ವಲ್ಪ ನಡುಗುತ್ತಿತ್ತು, ಆದರೆ ಬಂತು. ಮೂಲೆಮನೆ ಗಂಗಮ್ಮನ ಎಡ ಮೊಣಕಾಲು ಕೂಡ ಬಂತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ.

ಕೆಲವು ದಿನ ಕಳೆದ ಮೇಲೆ, ತಡೆಯಲಾರದೆ ಕೇಳಿದೆ. “ಆಂಟಿ, ಅಂಕಲ್‌ಗೋಸ್ಕರ ಇಷ್ಟು ವರ್ಷ ಕೇಳಿಕೊಂಡ್ರಿ. ಲೈನ್ ಸಿಗ್ಲಿಲ್ವಾ?”

ಅವರು ಬೀನ್ಸ್ ನಾರು ತೆಗೆಯುತ್ತಿದ್ದರು. ತಲೆ ಎತ್ತದೆ ಹೇಳಿದರು. “ಲೈನ್ ಸಿಕ್ತು ಕಣಪ್ಪ, ದಿನಾ ಸಿಕ್ತು. ಆ ಕಡೆಯಿಂದ ‘ಇಲ್ಲ’ ಅಂದ್ರು. ಇಲ್ಲ ಅಂದ್ರು ಅಂತ ಲೈನ್ ಕೆಟ್ಟಿದೆ ಅಂತೀಯಾ? ‘ಇಲ್ಲ’ ಅಂದಿದ್ದು ಕೇಳಿಸ್ತಲ್ಲ.”

ಗೋಡೆಯ ಮೇಲೆ ಮೊಣಕೈ ಊರಿದ್ದ ಅಮ್ಮನಿಗೆ ಬೇರೆಯದೇ ಚಿಂತೆ. “ಅದಿರ್ಲಿ ಕಣಮ್ಮ, ಊರೋರ್ದೆಲ್ಲ ಏಳ್ತೀಯ. ನಿಂದು ಒಂದ್ ದಿನಾನೂ ಏಳ್ಕೊಂಡಿದ್ ನಾ ಕಾಣೆ. ನಿನ್ ಸಕ್ಕರೆ ಕಾಯ್ಲೆ, ನಿನ್ ಒಂಟಿತನ, ಅದನ್ನ ಯಾರ್ ಏಳ್ಬೇಕು?”

“ಆಪರೇಟರ್ ತನ್ನ ಕಾಲ್ ತಾನೇ ಬುಕ್ ಮಾಡೋ ಹಾಗಿಲ್ಲ ಗಂಗಮ್ಮ. ಕೆಲಸಕ್ಕೆ ಸೇರಿದ ದಿನಾನೇ ಹೇಳ್ತಾರೆ ಅದನ್ನ” ಎಂದು ಆಂಟಿ ನಕ್ಕುಬಿಟ್ಟರು.

ಅಮ್ಮ ನಗಲಿಲ್ಲ. ಆ ಮಾತನ್ನು ಅವಳು ಎಲ್ಲೋ ಗಂಟು ಹಾಕಿ ಇಟ್ಟುಕೊಂಡಳೆಂದು ನನಗೆ ಗೊತ್ತಾಗಿದ್ದು ಆಮೇಲೆ.

ಕೆಲವು ವರ್ಷದ ಕೆಳಗೆ ಆಂಟಿಯ ಗಂಟಲು ಕಟ್ಟತೊಡಗಿತು. ಮೊದಲು ಶೀತ ಎಂದರು, ಮೆಣಸಿನ ಕಷಾಯ ಕುಡಿದರು. ಪ್ರಾರ್ಥನೆ ಅರ್ಧ ಬೀದಿಗೆ ಬರುವಷ್ಟರಲ್ಲಿ ದನಿ ಸೋರಿಹೋಗುತ್ತಿತ್ತು. ಹೆಬ್ಬಾಳದ ಕಡೆಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ದನಿಪೆಟ್ಟಿಗೆಯಲ್ಲಿ ಗಂಟು. ತೆಗೆಯಬೇಕು, ತೆಗೆದ ಮೇಲೆ ಪ್ರಾಣಕ್ಕೇನೂ ಭಯವಿಲ್ಲ, ದನಿ ಮಾತ್ರ ಬರಬಹುದು, ಬರದೇ ಇರಬಹುದು ಎಂದರು ಡಾಕ್ಟರು. ಆಪರೇಷನ್ ಆದ ಮೇಲೆ ಕೆಲವು ವಾರ ಪಿಸುಮಾತೂ ಆಡಕೂಡದು.

ವಾಪಸ್ ಬರುವಾಗ ಫ್ಲೈಓವರ್ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಆಂಟಿ ಕಿಟಕಿಯಾಚೆ ನೋಡುತ್ತ, “ಕಣ್ಣು ಹೋಗಿದ್ರೂ ನಿಭಾಯಿಸ್ತಿದ್ದೆ” ಎಂದರು. ಅಷ್ಟೇ. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಪರೇಷನ್ ಮುಗಿದು ಮನೆಗೆ ಬಂದರು. ಮಾತಿಗೆ ಬದಲು ಕೈಯಲ್ಲೊಂದು ಚಮಚ, ಪಕ್ಕದಲ್ಲಿ ಸ್ಟೀಲ್ ಲೋಟ. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಅಮ್ಮನ ಹುರುಳಿಕಾಳಿನ ಸಾರಿಗೆ ಸದಾ ಒಂದು. ಅವರ ಚರ್ಚಿನ ಪಾಸ್ಟರು ಬಂದು ಬಹಳ ಹೊತ್ತು ಪ್ರಾರ್ಥನೆ ಮಾಡಿ, ಇನ್ನೊಂದು ಹಾಡು ಹಾಡೋಣವೇ ಎಂದಾಗ ಎರಡು.

ಬೀದಿ ಮಾತ್ರ ಹಾಳೂರಾಯಿತು. ಮೊದಲ ದಿನ ಹಾಲು ಬಂದದ್ದು ಏಳು ಗಂಟೆಗೆ. ಮಕ್ಕಳಿಗೆ ಸ್ಕೂಲ್ ವ್ಯಾನ್ ತಪ್ಪಿತು. ನಾನು ಅಂಗಡಿಗೆ ಹೋಗುವಷ್ಟರಲ್ಲಿ ಗಿರಾಕಿಗಳು ಶಟರ್ ಮುಂದೆ ನಿಂತಿದ್ದರು. ಎರಡನೇ ದಿನ ಐದೂವರೆಗೆ ಗೋಡೆಯ ಬಳಿ ಯಾರೋ ಕೆಮ್ಮಿದ್ದು ಕೇಳಿ ಎದ್ದುಬಂದೆ. ಅಮ್ಮ ನಿಂತಿದ್ದಳು, ತಲೆಯ ಮೇಲೆ ಸೆರಗು ಹೊದ್ದು. ಗೋಡೆಯ ಆಚೆ ಜಗಲಿಯ ಕುರ್ಚಿಯಲ್ಲಿ ಆಂಟಿ.

“ಏನಮ್ಮ ಮಾಡ್ತಿದೀಯ?” ಎಂದೆ.

“ಸುಮ್ಕಿರೋ, ಲೈನ್ ಕೂಡಿಸ್ತಿವ್ನಿ” ಎಂದಳು.

“ನಮ್ಮ ದೇವ್ರು ಏನಂದ್ಕೊತಾನೆ?”

“ಏನಂದ್ಕೊತಾನೆ? ಅವರಿಬ್ರೂ ನಮ್ಮಂಗೇ ಅಕ್ಕಪಕ್ಕದಾಗೇ ಇರ್ತಾರೆ. ಗ್ವಾಡೆ ಮ್ಯಾಲೆ ಮಾತಾಡ್ಕೊತಾರೆ.”

ಇಷ್ಟು ವರ್ಷ ಗೋಡೆಯ ಈಚೆಯಿಂದ ಕೇಳಿ ಕೇಳಿ ಅವಳಿಗೆ ಇಡೀ ಪ್ರಾರ್ಥನೆ ಬಾಯಿಪಾಠವಾಗಿತ್ತು. ‘ಕರ್ತನೇ, ಸ್ತೋತ್ರ. ಕೊಡಿಗೇಹಳ್ಳಿ, ನೀರಿನ್ ಟ್ಯಾಂಕ್ ಇಂದಿನ್ ಬೀದಿ’ ಎಂದು ಶುರುವಾಗಿ ಮನೆಮನೆಯನ್ನೂ ಮುಟ್ಟಿ ಬಂತು. ತನ್ನ ಮೊಣಕಾಲನ್ನು ಬಿಟ್ಟಳು. ಯಾಕೆಂದು ಆಮೇಲೆ ಕೇಳಿದರೆ, ಆಪರೇಟರ್ ತನ್ನದು ಹೇಳಬಾರದಂತೆ. ಆದರೆ ಎಲ್ಲರಿಗಿಂತ ಮೊದಲು ಒಂದು ಹೊಸ ಕಾಲ್ ಸೇರಿಸಿದ್ದಳು. ‘ಲೈಟ್ನಿಂಗ್ ಕಾಲು ಸಾಮಿ. ನಮ್ ಎಕ್ಸ್‌ಚೇಂಜಮ್ಮ, ನಮ್ ಗ್ವಾಡೆ ಪಕ್ಕದ್ಮನೆ. ಗಂಟ್ಲು.’ ಕೊನೆಗೆ, ‘ಆಮೆನ್. ಗೋವಿಂದಾ ಗೋವಿಂದ.’ ಆಚೆಯಿಂದ ಲೋಟದ ಸದ್ದು ಒಂದೇ ಒಂದು ಸಲ ಬಂತು. ಕತ್ತಲಲ್ಲಿ ಆಂಟಿಯ ಮುಖ ಕಾಣಲಿಲ್ಲ, ಭುಜ ಅಲ್ಲಾಡುತ್ತಿದ್ದದ್ದು ಕಂಡಿತು. ನಗುತ್ತಿದ್ದರೋ ಅಳುತ್ತಿದ್ದರೋ ಇಂದಿಗೂ ಹೇಳಲಾರೆ.

ಇದು ದಿನಾ ನಡೆಯಿತು. ಹಾಲು ಮತ್ತೆ ಹೊತ್ತಿಗೆ ಬರತೊಡಗಿತು. ನಾಳೆ ದನಿ ತೆಗೆದು ನೋಡಬಹುದು ಎಂದು ಡಾಕ್ಟರು ಹೇಳಿದ ದಿನ ಸಂಜೆಯಿಂದಲೇ ಬೀದಿಗೆಲ್ಲ ಸುದ್ದಿ. ಬೆಳಿಗ್ಗೆ ನೋಡಿದರೆ ಗೋಡೆಯ ಈಚೆ ಹಾಲಿನ ಮುನಿಯಪ್ಪ ಕ್ಯಾನು ಇಳಿಸಿ ನಿಂತಿದ್ದಾನೆ, ಆಟೋ ಮುನಿಯಪ್ಪ ಹೆಂಡತಿ ಸಮೇತ ಬಂದಿದ್ದಾನೆ. ಆಂಟಿ ಕುರ್ಚಿಯಿಂದ ಎದ್ದು ನಿಂತರು. ಕಣ್ಣುಮುಚ್ಚಿದರು. ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಪಟ್ಟರು. ಇಲ್ಲ. ಮೆಲ್ಲಗೆ ಕೂತರು. ಎದುರು ನಿಂತ ಯಾರಿಗೂ ತಲೆ ಎತ್ತುವ ಧೈರ್ಯವಿಲ್ಲ.

ಆಗ ಅಮ್ಮ ಶುರುಮಾಡಿದಳು. ಈ ಸಲ ಊರಿಲ್ಲ, ಬೀದಿಯಿಲ್ಲ, ಸರದಿಯಿಲ್ಲ. “ಕರ್ತನೇ, ಯಾರ್ ಗಂಟ್ಲಿಗೆ ಕೈ ಆಕಿದ್ದೀಯ ಅಂತ ಗೊತ್ತಾ ನಿಂಗೆ? ನಮ್ಮನೆ ಸೊಸೆ ಎರಿಗೆ ದಿನ ನಿಂತ್ಕೊಂಡು ಕೂಗಿದ್ದು ಇವ್ಳು. ಗಂಡ ಓದ ಮಾರ್ನೆ ದಿನ ನನ್ ಮಂಡಿ ನೋವು ಏಳಿದ್ದು ಇವ್ಳು. ತನಗೇಂತ ಒಂದ್ ಲೋಟ ನೀರೂ ಕೇಳ್ಳಿಲ್ಲ. ಕೇಳ್ದೋರ್ಗೆಲ್ಲ ಕೊಟ್ಟು, ಕೇಳ್ದೆ ಇದ್ದೋಳ್ ಬಾಯೇ ಕಿತ್ಕೊತೀಯಾ? ನಾಳೆಯಿಂದ ನಿನ್ನ ಐದೂವರೆಗೆ ಯಾರ್ ಎಬ್ಬಿಸ್ತಾರೆ, ನೀನೇ ಯೋಚ್ನೆ ಮಾಡು…” ಎಂದು ಬೈದಳು, ಬೇಡಿದಳು, ಹಳೇ ಕಥೆ ತೆಗೆದಳು, ಎಲ್ಲೆಲ್ಲಿಗೋ ಹೋದಳು. ನಿಲ್ಲಿಸುವ ಲಕ್ಷಣವೇ ಇರಲಿಲ್ಲ.

ಆಗ ಗೋಡೆಯ ಆಚೆಯಿಂದ, ರಾಗಿ ಬೀಸುವ ಕಲ್ಲು ತಿರುಗಿದ ಹಾಗೆ ಒಂದು ಸದ್ದು ಬಂತು.

“ಗಂಗಮ್ಮ… ಮೂರು ನಿಮಿಷ ಆಯ್ತು.”

ಅಮ್ಮ ಬಾಯಿ ಹಾಗೇ ತೆರೆದುಕೊಂಡು ನಿಂತಳು.

“ಎಕ್ಸ್‌ಟೆಂಡ್… ಮಾಡ್ಬೇಕಾ?”

“ಮಾಡಮ್ಮ, ಮಾಡು, ನನ್ ತಾಯಿ” ಎಂದು ಅಮ್ಮ ಗೋಡೆಯ ಮೇಲೆ ಬಾಗಿ ಆಂಟಿಯ ಎರಡೂ ಕೈ ಹಿಡಿದುಕೊಂಡಳು. ಹಾಲಿನ ಮುನಿಯಪ್ಪ ಅವತ್ತು ಬೀದಿಗೆಲ್ಲ ನೀರು ಬೆರೆಸದ ಹಾಲು ಕೊಟ್ಟನೆಂದು ಪ್ರತೀತಿ ಇದೆ. ನಮ್ಮನೆಗೆ ಬಂದದ್ದು ಎಂದಿನಂತೆಯೇ ಇತ್ತು.

ಹಳೆಯ ದನಿ ಪೂರ್ತಿ ಮರಳಲಿಲ್ಲ. ಗುಲ್ಬರ್ಗಕ್ಕೆ ಹೋಗುತ್ತಿದ್ದದ್ದು ಯಲಹಂಕದ ತನಕ ಹೋಗುವಷ್ಟಾಯಿತು. ಆದರೆ ನಮಗೆ ಅಷ್ಟು ಸಾಕಿತ್ತು. ಆ ಒಡಕು ದನಿಯೇ ಮತ್ತೆ ಕೆಲವು ವರ್ಷ ನಮ್ಮನ್ನು ಎಬ್ಬಿಸಿತು. ಒಂದು ಬದಲಾವಣೆ ಮಾತ್ರ ಆಗಿತ್ತು. ಆಂಟಿ ‘ಆಮೆನ್’ ಎಂದ ಮೇಲೆ ಗೋಡೆಯ ಈಚೆಯಿಂದ ಅಮ್ಮ, ‘ನಮ್ ಎಕ್ಸ್‌ಚೇಂಜಮ್ಮ, ಸಕ್ಕರೆ ಕಾಯ್ಲೆ, ಮರೀಬ್ಯಾಡ’ ಎಂದು ಒಂದು ಮಾತು ಸೇರಿಸುತ್ತಿದ್ದಳು. ಆಂಟಿ ಅದಕ್ಕೆ ಅಡ್ಡಿ ಬರಲಿಲ್ಲ. ಬೇರೆಯವರು ಬುಕ್ ಮಾಡಿದರೆ ನಿಯಮಕ್ಕೇನೂ ತೊಂದರೆ ಇಲ್ಲವಂತೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಹಾಗೇ ಹೋಗಿಬಿಟ್ಟರು. ತುಂಬು ವಯಸ್ಸು, ನರಳಲಿಲ್ಲ. ಸಮಾಧಿಯ ಬಳಿ ಪಾಸ್ಟರ ಪ್ರಾರ್ಥನೆ ಮುಗಿಯುತ್ತಲೇ ಇರಲಿಲ್ಲ. ಪಕ್ಕದಲ್ಲಿದ್ದ ಅಮ್ಮ ನನ್ನ ತೋಳು ತಿವಿದು, “ಆಕೆ ಇದ್ದಿದ್ರೆ ಇಷ್ಟೊತ್ಗೆ ಕಟ್ ಮಾಡೋಳು” ಎಂದಳು. ಸ್ಮಶಾನದಲ್ಲಿ ನಿಂತು ಇಬ್ಬರೂ ನಗು ತಡೆದುಕೊಳ್ಳಲು ಪಟ್ಟ ಪಾಡು ನಮಗೇ ಗೊತ್ತು.

ಮಾರನೇ ದಿನ ಯಾರೂ ಎಬ್ಬಿಸದೆ ನನಗೆ ಎಚ್ಚರವಾಯಿತು. ಅಮ್ಮ ಗೋಡೆಯ ಬಳಿ ನಿಂತಿದ್ದಳು, ಖಾಲಿ ಕುರ್ಚಿಯ ಕಡೆ ಮುಖ ಮಾಡಿ. ಬೀದಿಗೆ ಕೇಳಿಸದ ಹಾಗೆ ಮೆಲ್ಲಗೆ ಮಾತಾಡುತ್ತಿದ್ದಳು. ಪಿ.ಪಿ. ಕಾಲ್ ಕದ್ದು ಕೇಳಬಾರದು, ಆದರೂ ಕೇಳಿದೆ.

“ಕರ್ತನೇ, ನಮ್ ಎಕ್ಸ್‌ಚೇಂಜಮ್ಮ ನಿನ್ ತಾವ್ಕೇ ಬಂದವ್ಳೆ. ಬಂದ್ ತಕ್ಷಣ ಕೆಲ್ಸಕ್ಕೆ ಕೂರಿಸ್ಬ್ಯಾಡ. ಇಷ್ಟ್ ವರ್ಸ ತನ್ದೇನೂ ಏಳ್ಕೊಂಡಿಲ್ಲ ಅವ್ಳು. ಈಗ ಏಳ್ಕೊತಾಳೆ, ಕೂತ್ಕೊಂಡ್ ಕೇಳು. ಮೂರ್ ನಿಮ್ಷ ಆಯ್ತು ಅಂತ ಕಟ್ ಮಾಡ್ಬ್ಯಾಡ.”